ರುಚಿ ನೋಡದ ವೈನು ಪಂಡಿತರು

ತೇರದಾಳದ ಸುತ್ತ ಹತ್ತೂರಿನಲ್ಲಿ ವೈನಿನ ವಿಷಯ ಬಲ್ಲವರು ಒಬ್ಬರೇ. ಅವರು ನಮ್ಮ ಸೋದರಮಾವ. ಅದರ ಒಂದು ಹನಿಯನ್ನೂ ನಾಲಿಗೆಗೆ ತಾಗಿಸದ ವೈನು ಪಂಡಿತರು ಭೂಮಂಡಲದಲ್ಲಿ ಯಾರಾದರೂ ಇದ್ದರೆ, ಅವರೂ ನಮ್ಮ ಸೋದರಮಾವನೇ!

ನಾವು ಜೈನರು. ಹೊತ್ತು ಮುಳುಗಿದ ಮೇಲೆ ಊಟಕ್ಕೇ ಕೈಹಚ್ಚದ ಮನೆತನ. ಅಂಥ ಮನೆಯ ಹಿತ್ತಿಲಲ್ಲಿ ಯಾವ ಪೂರ್ವಜರ ಪ್ರಮಾದದಿಂದಲೋ ಒಂದು ಹಳೆಯ ದ್ರಾಕ್ಷಿ ಬಳ್ಳಿ. ಹಣ್ಣು ಕಪ್ಪು, ಪುಟಾಣಿಯಷ್ಟು; ಒಳಗೆ ಬೀಜ, ಬೀಜದ ಸುತ್ತ ಹುಳಿ. ಗುಬ್ಬಿಗಳು ಒಮ್ಮೆ ತಿಂದು ಮರುವರ್ಷ ದಾರಿ ಬದಲಿಸುತ್ತವೆ. ಸಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದ ಮಾವನಿಗೆ, ಇದು ಈ ನೆಲದ್ದೇ ತಳಿ, ತಿನ್ನಲು ಬಾರದ್ದು ವೈನಿಗೆಂದೇ ಹುಟ್ಟಿದೆ ಎಂಬ ಜ್ಞಾನೋದಯವಾಯಿತು.

"ಮುಧೋಳದ ನಾಯಿಗೆ ತಿಮ್ಮಾಪುರದಾಗ ಸಂಶೋಧನಾ ಕೇಂದ್ರ ಕಟ್ಯಾರ. ನಮ್ಮ ದ್ರಾಕ್ಷಿ ಏನ್ ಪಾಪ ಮಾಡೇತಿ? ಬೊಗಳೂದಿಲ್ಲ, ಅದ ತಪ್ಪೇನ?" ಎಂಬುದು ಅವರ ವಾದ.

ಪ್ರಚಾರಕ್ಕೆ ಜಮಖಂಡಿ ಬಸ್‌ಸ್ಟ್ಯಾಂಡೇ ಅವರ ಸಭಾಂಗಣ. ಬೀಜವಿಲ್ಲದ ದ್ರಾಕ್ಷಿ ಬೆಳೆಯುವ ರೈತರನ್ನು ಹಿಡಿದು ನಿಲ್ಲಿಸಿ, "ಬೀಜಾನ ಇಲ್ಲದ ಹಣ್ಣಿಗಿ ವಂಶ ಹೆಂಗ ಬೆಳೀಬೇಕಪಾ?" ಎಂದು ಕೇಳುವರು. ರೈತರು ಗಂಭೀರವಾಗಿ ಯೋಚಿಸಿ, "ಸರ, ನಮ್ ಬಸ್ ಬಂತ್ರಿ" ಎಂದು, ಬೀಳಗಿಗೆ ಹೋಗಬೇಕಾದವರೂ ಮುಧೋಳದ ಬಸ್ಸನ್ನೇ ಹತ್ತಿಬಿಡುವರು!

ಇನ್ನು ಯೀಸ್ಟು. ರಸ ಹುದುಗಿಸುವ ಈ ಸೂಕ್ಷ್ಮಜೀವಿ ಹಣ್ಣಿನ ಸಿಪ್ಪೆಯ ಮೇಲೇ ಬಿಡಾರ ಹೂಡಿರುತ್ತದಂತೆ. ಅತ್ತೆಗೆ ಇದು ಗೊತ್ತಿರಲಿಲ್ಲ. ಮೊದಲ ವರ್ಷದ ಹಣ್ಣನ್ನು ಮೂರು ನೀರಿನಲ್ಲಿ ಚೊಕ್ಕ ತೊಳೆದಿಟ್ಟರು. ಮಾವ ತಲೆಯ ಮೇಲೆ ಕೈಹೊತ್ತು ಕುಳಿತರು.

"ಎಲ್ಲಾರನ್ನೂ ತೊಳದ ಬಿಟ್ಟೆಲ್ಲ!"

"ಯಾರನ್ನರೀ?"

"ನಮ್ಮೂರ ಯೀಸ್ಟ್!"

"ಅಂಗಡ್ಯಾಗ ಪುಡಿ ಸಿಗತೈತಂತಲ್ಲ, ತಂದ ಹಾಕ್ರಿ."

"ಪರದೇಶದ್ದಕ್ಕ ನಮ್ಮ ಹಣ್ಣಿನ ಸ್ವಭಾವ ತಿಳೀತೈತೇನ?"

ಮರುವರ್ಷ ತೊಳೆಯದ ಹಣ್ಣು ಭರಣಿ ಸೇರಿತು. ರುಚಿ ನೋಡುವಂತಿಲ್ಲವಲ್ಲ, ಮಾವ ಭರಣಿಗೆ ಕಿವಿ ಹಚ್ಚಿ ಕುಳಿತು ಗುಳುಗುಳು ಸದ್ದು ಆಲಿಸುವರು. ವಹಿಯಲ್ಲಿ ಬರೆಯುವರು: 'ಇಂದು ಉತ್ಸಾಹದಿಂದಿದ್ದಾರೆ.' ಒಂದು ದಿನ ಉತ್ಸಾಹ ಮಿತಿಮೀರಿ ಮುಚ್ಚಳ ಹಾರಿ, ರಸ ಮಾಳಿಗೆಯ ಜಂತಿಗೆ ಬಡಿಯಿತು. ಅಂದಿನ ಬರಹ: 'ಹೊರಗೆ ಬರಲು ಇಚ್ಛಿಸುತ್ತಾರೆ.'

ಅತ್ತೆಯ ತಾಳ್ಮೆಯ ಮುಚ್ಚಳವೂ ಹಾರಿತು. "ಮನಿ ತುಂಬ ನುಸಿ, ಓಣಿ ತುಂಬ ನಗಿ. ಬಲ್ಲವರೊಬ್ಬರು ಬಂದು ಛಲೋ ಐತಿ ಅಂದ್ರ ಬಳ್ಳಿ ಇರ್ಲಿ. ಇಲ್ಲಾಂದ್ರ ಕಡಸಿ, ಅಲ್ಲೆ ಅರಿವಿ ಒಗಿಯೂ ಕಲ್ಲ ಹಾಕಸ್ತೀನಿ!"

ಮಾವ ಈ ಬಳ್ಳಿಯಿಂದ ಕತ್ತರಿಸಿ ಹೊಲದಲ್ಲಿ ನೆಟ್ಟ ಕಡ್ಡಿಗಳೆಲ್ಲ ಉಪ್ಪು ಹತ್ತಿದ ಸವಳು ಮಣ್ಣಿನಲ್ಲಿ ಸುಟ್ಟುಹೋಗಿದ್ದವು. ಆ ತಳಿಗೆ ಉಳಿದದ್ದು ಇದೊಂದೇ ಬಳ್ಳಿ. ಮಾವ ವೈನು ತಯಾರಿಸುವ ತಜ್ಞರೊಬ್ಬರ ಮೊಬೈಲಿಗೆ ದಿನವೂ ಗೊನೆಯ ಫೋಟೋ ಕಳಿಸತೊಡಗಿದರು. ಫೋಟೋ ನಿಲ್ಲಿಸುವ ಬೇರೆ ಉಪಾಯ ಕಾಣದೆ ತಜ್ಞರು ಖುದ್ದಾಗಿ ಬಂದರು.

ಚಹಾದ ಗಾಜಿನ ಲೋಟದಲ್ಲಿ ರಸ ಕೊಟ್ಟೆವು. ತಜ್ಞರು ಲೋಟ ತಿರುಗಿಸಿದರು, ಮೂಸಿದರು, ಒಂದು ಗುಟುಕು ಬಾಯಿಗೆ ಹಾಕಿಕೊಂಡು ಮುಕ್ಕಳಿಸಿದರು. ತಜ್ಞರು ಅಂಗಳದ ಮೂಲೆಗೆ ಹೋಗಿ ಅದನ್ನು ಪಿಚಕ್ಕನೆ ಉಗುಳಿದರು!

ಬಾಗಿಲಲ್ಲಿದ್ದ ಅತ್ತೆ ಸೆರಗು ಸಿಕ್ಕಿಸಿ ಅಂಗಳಕ್ಕಿಳಿದರು.

"ಏನ್ರೀ ಸಾಹೇಬ್ರ, ಉಗುಳ್ತೀರಿ? ಈ ಮನಶ್ಯಾ ತಿಂಗಳಗಟ್ಲೆ ಆ ಭರಣಿಗಿ ಕಿವಿ ಹಚ್ಚಿ ಕುಂತಾರ. ನನ್ನ ಮಾತಿಗಿ ಒಂದ ದಿನಾ ಹಂಗ ಕಿವಿ ಕೊಟ್ಟಿಲ್ಲ! ಅವರ ಮಾರಿ ಮುಂದನ ಉಗುಳಾಕ ನಿಮಗ ಮನಸ ಹೆಂಗ ಬಂತ್ರಿ?"

ತಜ್ಞರು ಬಾಯಿ ಒರೆಸಿಕೊಂಡರು. "ಅಕ್ಕಾರ, ಛಲೋ ಇದ್ರೂ ನಾವು ಉಗುಳಬೇಕ್ರಿ. ದಿನಾ ರುಚಿ ನೋಡಿದ್ದೆಲ್ಲಾ ನುಂಗಿದ್ರ ಮನಿ ಮುಟ್ಟೂದಿಲ್ರಿ!"

"ಹಂಗಾರ ಛಲೋ ಐತೇನ್ರಿ?" ಮಾವನ ದನಿ ಸಣ್ಣದಾಗಿತ್ತು.

"ಹುಳಿ ಭಾಳ ಆತ್ರಿ ಮಾಸ್ತರ. ಈಗ ಛಲೋ ಅನ್ನಾಕ ಬರೂದಿಲ್ಲ. ಇಂಥಾ ಪರಿಮಳ ಮಾತ್ರ ನಾ ಎಲ್ಲೂ ಕಂಡಿಲ್ಲ."

ಒಂದು ಶೀಸೆಯಷ್ಟು ರಸ ಬೇಡಿದರು. ಅತ್ತೆ ಭರಣಿಯ ರಸವನ್ನು ಬಟ್ಟೆಯಲ್ಲಿ ಸೋಸಿ ತುಂಬಿಕೊಟ್ಟರು. ತಜ್ಞರು ಹೋದರು.

ಮಾವ ಸತ್ಯವಂತರು. "ಛಲೋ ಅನ್ನಲಿಲ್ಲ ಅವ್ರು. ನಾಳೆ ಬಳ್ಳಿ ಕಡ್ಯಾಕ ಕೊಡ್ಲಿ ತರಸ್ತೀನಿ" ಎಂದರು.

ಅತ್ತೆಯ ಕೈಯಲ್ಲಿ ಸೋಸಿದ ಬಟ್ಟೆ ಇನ್ನೂ ಇತ್ತು. ಅದರಲ್ಲಿ ಭರಣಿಯ ತಳದ ಗಸಿ. ನಮ್ಮ ಮನೆಗಳಲ್ಲಿ ಬಾವಿಯ ನೀರು ಸೋಸಿದಾಗ ಬಟ್ಟೆಯಲ್ಲಿ ನಿಂತದ್ದನ್ನು ಚೆಲ್ಲುವುದಿಲ್ಲ. ಕಣ್ಣಿಗೆ ಕಾಣದ ಜೀವಗಳಿರುತ್ತವೆಂದು, ಮೇಲೆ ನೀರು ಹಾಕಿ ಅದೇ ಬಾವಿಗೆ ಮೆಲ್ಲನೆ ಇಳಿಸುತ್ತೇವೆ. ಅತ್ತೆ ಚೊಂಬಿನಲ್ಲಿ ನೀರು ತಂದು, ಬಳ್ಳಿಯ ಬುಡದಲ್ಲಿ ಕುಕ್ಕರಗಾಲಲ್ಲಿ ಕುಳಿತು, ಬಟ್ಟೆಯನ್ನು ನೆಲಕ್ಕೆ ತಾಗಿಸಿ ನೀರು ಬಿಟ್ಟರು.

ಮಾವ ಹತ್ತಿರ ಹೋಗಿ ಮೇಷ್ಟರ ದನಿಯಲ್ಲಿ ಹೇಳಿದರು: "ಅದರಾಗಿನ ಯೀಸ್ಟ್ ಮುಕ್ಕಾಲು ಸತ್ತಿರ್ತಾವ."

ಅತ್ತೆ ತಲೆ ಎತ್ತಲಿಲ್ಲ. "ಉಳದಾವು ಎಲ್ಲಿಗಿ ಹೋಗಬೇಕ್ರಿ, ನಾಳೆ ಇದನ್ನ ಕಡದ್ರ?"

ಮಾವ ಅತ್ತೆಯ ಪಕ್ಕದಲ್ಲಿ ಕುಳಿತು, ಎರಡೂ ಕೈಯಿಂದ ಬುಡಕ್ಕೆ ಮಣ್ಣು ಏರಿಸತೊಡಗಿದರು.