ಜಿಮ್ ಬಾಗಿಲಿನಿಂದ ಇತಿಹಾಸ

ಆರ್ವಿಡ್ ಸ್ಟೆನ್ಸನ್‌ನ ಕೈಯಿಂದ ಇತಿಹಾಸದ ತರಗತಿಯನ್ನು ಕಿತ್ತು, ಹೊಸದಾಗಿ ಬಂದ ಕುಸ್ತಿ ಕೋಚ್‌ಗೆ ಕೊಟ್ಟರು. ಆರ್ವಿಡ್‌ಗೆ ಅಡುಗೆ ವಿಭಾಗ ಕೊಟ್ಟರು.

ಶುಕ್ರವಾರ ಬೆಳಿಗ್ಗೆ ಸ್ಟಾಫ್ ರೂಮಿನ ಗೋಡೆಗೆ ಅಂಟಿಸಿದ್ದ ಹೊಸ ಟೈಮ್‌ಟೇಬಲ್ಲಿನಲ್ಲಿ ಅವನು ಅದನ್ನು ಓದಿದ. ಕನ್ನಡಕ ಒರೆಸಿಕೊಂಡು ಮತ್ತೆ ಓದಿದ. ಕನ್ನಡಕದ ತಪ್ಪೇನೂ ಇರಲಿಲ್ಲ.

ಅಮೆರಿಕದ ಅಯೋವಾ ರಾಜ್ಯದ ಆ ಊರಿನ ಸರ್ಕಾರಿ ಹೈಸ್ಕೂಲಿನಲ್ಲಿ ಇಲ್ಲದ ವಿಭಾಗವಿರಲಿಲ್ಲ. ವೆಲ್ಡಿಂಗ್ ಇತ್ತು, ಹಂದಿ ಸಾಕಣೆ ಇತ್ತು, ಕಾರು ಓಡಿಸುವುದನ್ನು ಕಲಿಸುವ ವಿಭಾಗವಿತ್ತು. ನಾಯಕತ್ವ ಕಲಿಸುವ ವಿಭಾಗವೂ ಒಂದಿತ್ತು. ಅಲ್ಲಿ ಏನು ಕಲಿಸುತ್ತಾರೆಂದು ಅದರ ಮೇಷ್ಟರಿಗೇ ಗೊತ್ತಿರಲಿಲ್ಲ. ವೆಲ್ಡಿಂಗ್ ಕಲಿಸಲು ವೆಲ್ಡಿಂಗ್ ಬರಬೇಕಿತ್ತು. ಇತಿಹಾಸಕ್ಕೆ ಮಾತ್ರ ಅಂಥ ಕಟ್ಟುಪಾಡಿಲ್ಲ. ಇತಿಹಾಸವೆಂದರೆ ಊರ ಮುಂದಿನ ಜಗಲಿ. ಯಾರು ಬೇಕಾದರೂ ಬಂದು ಕೂರಬಹುದು, ಕೋಚ್‌ಗಳಂತೂ ಕಾಲು ಚಾಚಿ ಮಲಗಬಹುದು.

ಒಂಟಿ ಜೀವಿಯಾದ ಆರ್ವಿಡ್‌ಗೆ ಅಡುಗೆಯೆಂದರೆ ಡಬ್ಬಿಯ ಮುಚ್ಚಳ ತೆಗೆಯುವುದು. ಆದರೆ ಅವನ ಸಂಕಟ ಅದಲ್ಲ. ಬರುವ ವಾರ, ಊರಿನ ಮಾಂಸದ ಕಾರ್ಖಾನೆಯಲ್ಲಿ ಹಿಂದೆ ನಡೆದ ಮುಷ್ಕರದ ಪಾಠವಿತ್ತು. ಮಾಲೀಕರು ಗೇಟು ಮುಚ್ಚಿದರೂ ಕಾರ್ಖಾನೆಯೊಳಗೆ ಉಪ್ಪಿನ ಪೀಪಾಯಿಯ ಮೇಲೆ ಕೂತಲ್ಲಿಂದ ಏಳದವರಲ್ಲಿ ಅವನ ಅಜ್ಜಿಯೂ ಒಬ್ಬಳು. ಪಠ್ಯಪುಸ್ತಕದಲ್ಲಿ ಆ ಮುಷ್ಕರಕ್ಕೆ ಇದ್ದದ್ದು ಒಂದೇ ಸಾಲು: 'ಕೆಲವೆಡೆ ಅಶಾಂತಿ ಉಂಟಾಯಿತು.' ಆ ಒಂದು ಸಾಲನ್ನು ಆರ್ವಿಡ್ ಎರಡು ವಾರ ಪಾಠ ಮಾಡುತ್ತಿದ್ದ. ಕೇಳುವ ಮಕ್ಕಳಲ್ಲಿ ಅರ್ಧದಷ್ಟು ಮಂದಿಯ ಅಪ್ಪ ಅಮ್ಮ ಇವತ್ತಿಗೂ ಅದೇ ಕಾರ್ಖಾನೆಯಲ್ಲಿ ಹಂದಿ ಕೊಯ್ಯುವವರು. ಅವನು ಹೇಳದಿದ್ದರೆ ಅವರಿಗೆ ಹೇಳುವವರು ಬೇರೆ ಯಾರೂ ಇರಲಿಲ್ಲ.

ಅವನು ನೇರ ಪ್ರಿನ್ಸಿಪಾಲರ ಕೋಣೆಗೆ ಹೋದ. ಗ್ಲೆಂಡಾ ಹಾಫ್ ನಗುತ್ತಲೇ ಬರಮಾಡಿಕೊಂಡರು. ಅವರು ಕೆಟ್ಟ ಸುದ್ದಿ ಹೇಳುವಾಗ ಹೆಚ್ಚು ನಗುತ್ತಿದ್ದರು.

"ನೋಡಿ ಆರ್ವಿಡ್, ಇತಿಹಾಸ ಆಗಿಹೋಗಿರೋದು. ಯಾರು ಹೇಳಿದ್ರೂ ಅದೇನು ಬದಲಾಗಲ್ಲ. ಕುಸ್ತಿ ಹಾಗಲ್ಲ, ಇನ್ನೂ ಗೆಲ್ಬೇಕು. ಕೋಚ್‌ಗೆ ಯಾವ್ದಾದ್ರೂ ಒಂದು ಪಾಠ ಕೊಡ್ಲೇಬೇಕಲ್ಲ?"

"ಅಡುಗೆ ಕೊಡಿ ಅವ್ರಿಗೆ!"

"ಛೆ ಛೆ, ಆ ಆಳಿಗೆ ಏಪ್ರನ್ ಕಟ್ಟೋಕಾಗತ್ತಾ? ಸಂಜೆ ಬೆಲ್ ಹೊಡೆದ ಮೇಲೆ ಟೈಮ್‌ಟೇಬಲ್ ಪಕ್ಕಾ ಆಗತ್ತೆ. ಹೋಗಿ, ಯಾವ್ದಾದ್ರೂ ಒಳ್ಳೆ ಸೂಪು ಕಲ್ತ್ಕೊಳ್ಳಿ."

ಹೊರಗೆ ಲೋರ್ನಾ ಟೀಗ್ ಕಾಯುತ್ತಿದ್ದಳು. ಲೆಕ್ಕದ ಟೀಚರ್, ತನ್ನ ಲೆಕ್ಕಕ್ಕಿಂತ ಊರಿನವರ ಲೆಕ್ಕದಲ್ಲೇ ಹೆಚ್ಚು ಆಸಕ್ತಿ.

"ಅಯ್ಯೋ ಪೆದ್ದಪ್ಪಾ, ಅವ್ರ ಹತ್ರ ಬೇಡಿದ್ರೆ ಆಗತ್ತಾ? ಈ ಸ್ಕೂಲಲ್ಲಿ ಇತಿಹಾಸಕ್ಕೆ ಬಾಗಿಲಿರೋದು ಜಿಮ್ ಕಡೆಯಿಂದ. ನನ್ನನ್ಯಾಕೆ ಯಾರೂ ಮುಟ್ಟಲ್ಲ ಹೇಳು? ಗಾಲ್ಫ್ ತಂಡ ನನ್ದು! ಸಂಜೆಯೊಳಗೆ ನೀನೂ ಯಾವ್ದಾದ್ರೂ ತಂಡಕ್ಕೆ ಕೋಚ್ ಆಗ್ಬಿಡು."

"ನಾನಾ? ನಂಗೆ ಮೆಟ್ಟಿಲು ಹತ್ತಿದ್ರೆ ಮಂಡಿ ಹಿಡ್ಕೊಳ್ಳತ್ತಲ್ಲೇ!"

"ಕೋಚ್ ಓಡ್ಬೇಕು ಅಂತ ಯಾರು ಹೇಳಿದ್ರು? ಸೀಟಿ ಊದಿದ್ರೆ ಸಾಕು."

ಅಷ್ಟರಲ್ಲಿ ಪಡಸಾಲೆಯ ಆ ತುದಿಯಿಂದ ಗುಡುಗಿದಂಥ ದನಿ ಬಂತು: "ಸ್ಟೆನ್ಸನ್! ಏಯ್ ಸ್ಟೆನ್ಸನ್, ನಿಲ್ರೀ!"

ಅದು ಡ್ಯೂಕ್ ಮರಾಸ್ಕೊ, ಹೊಸ ಕುಸ್ತಿ ಕೋಚ್. ಮನುಷ್ಯ ಬೀರುವಿನಷ್ಟು ಅಗಲ. ಕಿತ್ತುಕೊಂಡದ್ದು ಸಾಲದೆ ಹಂಗಿಸಲು ಬರುತ್ತಿದ್ದಾನೆಂದು ಆರ್ವಿಡ್ ಬೆನ್ನು ತಿರುಗಿಸಿದವನೇ ಜಾಗ ಖಾಲಿ ಮಾಡಿದ.

ಊಟದ ಹೊತ್ತಿನವರೆಗೂ ಅವನು ತಂಡ ಹುಡುಕಿಕೊಂಡು ಅಲೆದ. ಈಜು ಲೈಬ್ರರಿಯವಳ ಕೈಯಲ್ಲಿತ್ತು. ಆಕೆಗೆ ಈಜು ಬಾರದು, ದಡದಲ್ಲಿ ನಿಂತು ಬೈಯುತ್ತಿದ್ದಳು. ಚೆಂಡು ಉರುಳಿಸಿ ಗೂಟ ಕೆಡವುವ ಬೌಲಿಂಗ್ ಕೆಮಿಸ್ಟ್ರಿಯವನ ಪಾಲು. ಹೋದಲ್ಲೆಲ್ಲ ಬೆನ್ನ ಹಿಂದೆ ಆ ಗುಡುಗು: "ಸ್ಟೆನ್ಸನ್! ಒಂದೇ ಮಾತು!" ಕೊನೆಗೆ ಜಿಮ್ ಎಂಬ ಒಳಾಂಗಣ ಕ್ರೀಡಾಂಗಣದ ಪಕ್ಕದ ಸಾಮಾನಿನ ಕೋಣೆಗೆ ನುಗ್ಗಿ, ಅಲ್ಲಿ ನೇತು ಹಾಕಿದ್ದ ಹಂದಿಯ ವೇಷದೊಳಗೆ ತೂರಿಕೊಂಡ. ಹಂದಿಯೇ ಆ ಸ್ಕೂಲಿನ ಲಾಂಛನ; ಪಂದ್ಯದ ದಿನ ಯಾರಾದರೊಬ್ಬರು ಆ ವೇಷ ತೊಟ್ಟು ಕುಣಿಯುತ್ತಿದ್ದರು. ಮರಾಸ್ಕೊ ಬಾಗಿಲು ತೆರೆದು ಇಣುಕಿ, ಹಂದಿಗೆ ಮರ್ಯಾದೆಯಿಂದ ತಲೆಯಾಡಿಸಿ ಹೊರಟುಹೋದ.

ಮರುಕ್ಷಣ, ಪಂದ್ಯಗಳಲ್ಲಿ ಘೋಷಣೆ ಕೂಗಿ ಕುಣಿಯುವ ಚಿಯರ್‌ಲೀಡರ್ ಹುಡುಗಿಯರು ಒಳಬಂದರು.

"ಉಸ್ಸಪ್ಪಾ," ಅಂದಿತು ಹಂದಿ.

ಹುಡುಗಿಯರು ಕಿಟಾರನೆ ಕಿರುಚಿದರು. ತಂಡದ ನಾಯಕಿ ಮಾರಿಸೋಲ್ ಒರ್ಟೆಗಾ ಮಾತ್ರ ಹತ್ತಿರ ಬಂದು ಹಂದಿಯ ತಲೆ ಕಿತ್ತಳು. "ಸ್ಟೆನ್ಸನ್ ಸರ್? ಇದೇನ್ ಸರ್ ನಿಮ್ ಅವತಾರ?"

ಅವನು ಎಲ್ಲವನ್ನೂ ಹೇಳಿದ. ಮಾರಿಸೋಲ್‌ಳ ಮುಖ ಗಂಭೀರವಾಯಿತು. ಅವಳಮ್ಮ ಕಾರ್ಖಾನೆಯ ರಾತ್ರಿ ಪಾಳಿಯವಳು. "ಮುಷ್ಕರದ ಪಾಠ ಇಲ್ವಾ ಹಾಗಾದ್ರೆ? ನಮ್ಮಕ್ಕನಿಗೆ ನೀವೇ ಮಾಡಿದ್ರಿ. ಅವ್ಳು ಮನೇಲಿ ಅಮ್ಮಂಗೆ ಪಾಠ ಮಾಡಿದ್ಲು." ಆಮೇಲೆ ಕಣ್ಣರಳಿಸಿ ಅಂದಳು: "ನಮ್ ಕೋಚ್ ಬಾಣಂತಿ ರಜೆ ಸರ್. ನೀವೇ ಬಂದ್ಬಿಡಿ! ಈಗ್ಲೇ ಸಭೆ ಇದೆ, ಇಡೀ ಸ್ಕೂಲು ಸೇರತ್ತೆ, ಪ್ರಿನ್ಸಿಪಾಲೂ ಬರ್ತಾರೆ. ಒಂದು ಹೊಸ ಘೋಷಣೆ ಮಾತ್ರ ಬೇಕು. ಹಳೇದು ಕೂಗಿದ್ರೆ ಹುಡುಗ್ರು ಆಕಳಿಸ್ತಾರೆ."

ಹೀಗೆ, ಸಂಜೆಯ ಬಾಸ್ಕೆಟ್‌ಬಾಲ್ ಪಂದ್ಯಕ್ಕೆ ಹುರುಪು ತುಂಬುವ ಸಭೆಯಲ್ಲಿ, ಆರ್ವಿಡ್ ಸ್ಟೆನ್ಸನ್ ಎರಡೂ ಕೈಯಲ್ಲಿ ಕೆಂಪು ಕುಚ್ಚು ಹಿಡಿದು ಜಿಮ್ ನಡುವೆ ಬಂದು ನಿಂತ. ಕುತ್ತಿಗೆಯಿಂದ ಕೆಳಗೆ ಇನ್ನೂ ಹಂದಿಯೇ. ವೇಷದ ಜಿಪ್ ಕೈಕೊಟ್ಟಿತ್ತು. ಜಿಮ್ ತುಂಬ ನಗೆ. ಹುಡುಗಿಯರು ಒಬ್ಬರ ಮೇಲೊಬ್ಬರು ಹತ್ತಿ ಗೋಪುರ ಕಟ್ಟಲು, ಅಡಿಪಾಯಕ್ಕೆ ಒಂದು ಆಳು ಕಡಿಮೆಯಿತ್ತು. ಆರ್ವಿಡ್ ಕೋಚ್ ಮಂಡಿಯೂರಿದ. ಮಂಡಿ 'ಲಟಕ್' ಎಂದಿತು. ಗೋಪುರ ಮೆಲ್ಲಗೆ, ಹಾಲು ಉಕ್ಕಿ ಚೆಲ್ಲುವಂತೆ, ಅವನ ಮೇಲೆಯೇ ಚೆಲ್ಲಿಕೊಂಡಿತು.

ಎದ್ದು ಕೂತವನ ಕೈಗೆ ಮಾರಿಸೋಲ್ ಮೈಕು ತುರುಕಿದಳು. "ಘೋಷಣೆ ಸರ್, ಬೇಗ!"

ಅವನಿಗೆ ಜೀವಮಾನದಲ್ಲಿ ಬರುತ್ತಿದ್ದ ಘೋಷಣೆ ಒಂದೇ. ತೊಟ್ಟಿಲಲ್ಲಿದ್ದಾಗಿನಿಂದ ಅಜ್ಜಿಯ ಬಾಯಲ್ಲಿ ಕೇಳಿದ್ದು.

"ಗೇಟು ಮುಚ್ಚಿದ್ರೆ ಮುಚ್ಲಿ, ನಾವು ಕೂತೇ ಕೂತ್ವಿ!
ಎಬ್ಬಿಸೋರು ಬರ್ಲಿ, ನಾವು ಏಳೋದಿಲ್ಲ!"

ಮೊದಲು ಹಿಂದಿನ ಸಾಲಿನ ಯಾರೋ ಅದನ್ನೇ ಕೂಗಿದರು. ನಂತರ ಇಡೀ ಜಿಮ್. ಮೇಲ್ಛಾವಣಿಯ ತಗಡು ನಡುಗುವಂತೆ ಕಾಲು ಬಡಿದು, ಮತ್ತೆ ಮತ್ತೆ ಕೂಗಿದರು.

ಗ್ಲೆಂಡಾ ಹಾಫ್ ಚಪ್ಪಾಳೆ ತಟ್ಟುತ್ತ ಓಡಿಬಂದರು. "ಆರ್ವಿಡ್! ಇಷ್ಟು ವರ್ಷ ಎಲ್ಲಿ ಬಚ್ಚಿಟ್ಟಿದ್ರಿ ಇದನ್ನ? ಇವತ್ತಿಂದ ನೀವೇ ಚಿಯರ್ ಕೋಚ್!"

"ಹಾಗಾದ್ರೆ ಇತಿಹಾಸ..."

ಮಾತು ಮುಗಿಯುವ ಮೊದಲೇ ಮರಾಸ್ಕೊ ಏದುಸಿರು ಬಿಡುತ್ತ ಬಂದ. "ಏನ್ ಮಾರಾಯ್ರೇ, ಬೆಳಿಗ್ಗೆಯಿಂದ ಹುಡುಕ್ತಿದೀನಿ! ನಮ್ಮಮ್ಮಂದು ಹೋಟೆಲು, ನಾನು ಒಲೆ ಮುಂದೆ ಬೆಳೆದೋನು. ನಂಗೆ ಇತಿಹಾಸ ಬೇಡ, ಅಡುಗೆ ಕೊಡಿ ಅಂತ, ನೀವು ಇವ್ರ ಕೋಣೆಯಿಂದ ಹೊರಟ ತಕ್ಷಣ, ಫೋನಲ್ಲಿ ಹೇಳ್ದೆ. ಸ್ಟೆನ್ಸನ್ನ ಕರ್ಕೊಂಡ್ಬಂದು ಇಬ್ರೂ ಒಟ್ಟಿಗೆ ಹೂಂ ಅಂದ್ರೆ ಅದಲು ಬದಲು ಮಾಡ್ತೀನಿ ಅಂದ್ರು ಇವ್ರು. ನೀವು ಸಿಕ್ರೆ ತಾನೆ!"

ಆರ್ವಿಡ್ ಮರಾಸ್ಕೊನ ಕೈ ಹಿಡಿದುಕೊಂಡ. "ಹೂಂ," ಅಂದ. "ಹೂಂ, ಹೂಂ, ಹೂಂ!"

"ಈಗೆಲ್ಲಿಯ ಹೂಂ?" ಪ್ರಿನ್ಸಿಪಾಲರು ಇನ್ನೂ ಹೆಚ್ಚು ನಕ್ಕರು. "ಚಿಯರ್ ಅಭ್ಯಾಸ ಇರೋದೇ ಇತಿಹಾಸದ ಪೀರಿಯಡ್ಡಲ್ಲಿ. ಇತಿಹಾಸಾನ ಲೋರ್ನಾಗೆ ಕೊಟ್ಟೆ. ಗಾಲ್ಫ್ ಶುರುವಾಗೋವರೆಗೂ ಪಾಪ ಅವ್ಳು ಬಿಡುವಾಗೇ ಇದಾಳೆ."

ಲೋರ್ನಾ ದೂರದಿಂದಲೇ ಪಾಪದ ಮುಖ ಮಾಡಿ ಕೈ ಬೀಸಿದಳು.

ಬೆಲ್ ಹೊಡೆಯಿತು. "ಸರಿ ಮಕ್ಳೇ, ಎಲ್ರೂ ಎದ್ದು ಕ್ಲಾಸಿಗೆ ಹೋಗಿ!" ಅಂದರು ಪ್ರಿನ್ಸಿಪಾಲರು.

ಯಾರೂ ಏಳಲಿಲ್ಲ. ಮಾರಿಸೋಲ್ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತಿದ್ದಳು. "ಮುಷ್ಕರದ ಪಾಠ ಯಾರು ಮಾಡ್ತಾರೆ ಮೇಡಂ?" ಅಂದಳು.

"ಲೋರ್ನಾ ಮೇಡಂ ಮಾಡ್ತಾರೆ. ಪುಸ್ತಕದಲ್ಲಿ ಎಷ್ಟಿದ್ಯೋ ಅಷ್ಟು."

"ಪುಸ್ತಕದಲ್ಲಿ ಒಂದು ಸಾಲಿದೆ."

ಬೆಂಚುಗಳಿಂದ ಸಣ್ಣಗೆ ಘೋಷಣೆ ಎದ್ದಿತು. ಪ್ರಿನ್ಸಿಪಾಲರ ನಗು ಆ ದಿನ ಮೊದಲ ಬಾರಿಗೆ ಇಳಿಯಿತು. "ಆರ್ವಿಡ್, ನೀವು ಇವ್ರ ಕೋಚು. ಮೊದ್ಲು ನೀವು ಏಳಿ, ಹಿಂದೇನೇ ಅವ್ರೂ ಏಳ್ತಾರೆ. ಏಳಿ."

ಆರ್ವಿಡ್ ಮಂಡಿ ಮುಟ್ಟಿ ನೋಡಿಕೊಂಡ. ಕುಂಬಳಕಾಯಿಯಂತೆ ಊದಿತ್ತು. ಎದ್ದು ನಿಲ್ಲುವುದು ಅವನಪ್ಪನಾಣೆಗೂ ಸಾಧ್ಯವಿರಲಿಲ್ಲ. ಏಳೋಕಾಗಲ್ಲ ಎಂದಿದ್ದರೆ ಮುಗಿಯುತ್ತಿತ್ತು. ನರ್ಸು ಐಸು ತರುತ್ತಿದ್ದಳು, ನೌಕರಿಯೂ ತಣ್ಣಗಿರುತ್ತಿತ್ತು. ಮಾರಿಸೋಲ್ ಅವನ ಮುಖವನ್ನೇ ನೋಡುತ್ತಿದ್ದಳು.

ಅವನು ಹಂದಿಯ ಬಾಲವನ್ನು ಪಕ್ಕಕ್ಕೆ ಸರಿಸಿ, ಇನ್ನಷ್ಟು ಭದ್ರವಾಗಿ ಕೂತ.

"ಏಳಲ್ಲ," ಅಂದ.