ಟೆಕ್ನಾಲಜಿ ಪೀರಿಯಡನ್ನು ಗಣಿತಕ್ಕೆ ಕೊಡದಿರುವ ಕುರಿತು

ಇಂದ:
ಶೋಭಾರಾಣಿ, ಎಂ.ಎ. (ಇತಿಹಾಸ),
ದಿವಂಗತ ದಯಾನಂದ್ ಮೇಷ್ಟ್ರ ಹೆಂಡತಿ, ಹಿಂದೂಪುರ.

ಗೆ:
ಶ್ರೀ ಕೇಶವಯ್ಯನವರು, ಮುಖ್ಯೋಪಾಧ್ಯಾಯರು.

ವಿಷಯ: ಎಂಟನೇ ತರಗತಿಯ ಟೆಕ್ನಾಲಜಿ ಪಾಠವನ್ನು, ಆ ವಿಷಯ ತಿಳಿಯದ ನನಗೆ ವಹಿಸುವ ಬಗ್ಗೆ.

ಉಲ್ಲೇಖ: ನೆಂಟರೆಲ್ಲ ಹೋದ ಮರುದಿನ ಬೆಳಿಗ್ಗೆ ತಾವು ಮಾಡಿದ ಫೋನ್.

ಮಾನ್ಯರೇ,

ಆ ದಿನ ಹಾಲಿನವನು ಬಂದ, ನಲ್ಲಿಯಲ್ಲಿ ನೀರು ಬಂತು, ಯಾರೂ ನನ್ನನ್ನು ತಬ್ಬಿಕೊಂಡು ಅಳಲಿಲ್ಲ. ಬೇರೆ ಕೆಲಸವಿಲ್ಲದ ಕಾರಣ ಗುಡಿಸಿದ ಮನೆಯನ್ನೇ ಮತ್ತೆ ಗುಡಿಸಿದೆ. ಆಗ ತಾವು ಫೋನ್ ಮಾಡಿ, ನನ್ನ ಗಂಡನ ಪೀರಿಯಡನ್ನು ಗಣಿತಕ್ಕೆ ಕೊಡುವುದಾಗಿಯೂ, ಶಾಲೆಯಲ್ಲಿರುವ ಅವರ ಬೀರುವಿನ ಸಾಮಾನನ್ನು ನಾನು ಒಯ್ಯಬೇಕೆಂದೂ ತಿಳಿಸಿದಿರಿ. ನನ್ನನ್ನು ಕಲ್ಯಾಣದುರ್ಗದ ತವರಿಗೆ ಕರೆದೊಯ್ಯಲು ಕಾದಿದ್ದ ನನ್ನ ತಂದೆ ಬ್ಯಾಗಿನ ಜಿಪ್ ಎಳೆದರು.

"ನಡಿಯಮ್ಮ, ಬಸ್ಸಿಗೆ ಹೊತ್ತಾಯ್ತು. ಇನ್ನ ಇಲ್ಲೇನೈತೆ ನಿಂಗೆ?"

"ಒಂದು ಪೀರಿಯಡ್ ಐತೆ ನಾಯ್ನಾ," ಅಂದುಬಿಟ್ಟೆ. ಹಾಗೇನೂ ಇರಲಿಲ್ಲ. ಆದ್ದರಿಂದ ಈ ಅರ್ಜಿ. ನನ್ನ ಅರ್ಹತೆಗಳು:

೧. ಕಂಪ್ಯೂಟರ್ ಆಫ್ ಮಾಡಲು ಬರುತ್ತದೆ. ಪ್ಲಗ್ ಕೀಳುತ್ತೇನೆ.

೨. ಓದಿದ್ದು ಇತಿಹಾಸವಾದ ಕಾರಣ, ಯಾವ ಯಂತ್ರವನ್ನೂ ಅದು ಮೂಲೆ ಸೇರಿದ ಮೇಲೆ ಮಾತ್ರ ಬಲ್ಲೆ.

೩. ಶಾಲೆಗೆ ಬಂದು ತೆಗೆದಾಗ ಬೀರುವಿನಲ್ಲಿ ಸಿಕ್ಕಿದ್ದು ದಾರದಲ್ಲಿ ಕಟ್ಟಿದ ತೂತಿನ ರಟ್ಟುಗಳು. ಸೀರೆಯಲ್ಲಿ ಹೂ ಬೀಳಿಸಲು ಮಗ್ಗದ ಮೇಲೆ ತೂಗುಹಾಕುವಂಥವು. ಪ್ರೋಗ್ರಾಂ ಎಂದರೇನೆಂದು ತೋರಿಸಲು ನನ್ನ ಗಂಡ ಅವನ್ನು ನೇಕಾರ ನಾರಪ್ಪನವರಿಂದ ಕೇಳಿ ತಂದಿದ್ದರು. ಇದು ಅರ್ಹತೆಯಲ್ಲ, ಆದರೂ ನಂಬರ್ ಕೊಟ್ಟಿದ್ದೇನೆ.

ಅವನ್ನು ಎತ್ತಿಕೊಳ್ಳುವಾಗ ಎಂಟನೇ ತರಗತಿಯ ಮೀನಾ ಅಡ್ಡ ಬಂದಳು.

"ತಗೊಂಡೋಗ್ಬೇಡಿ ಮೇಡಂ. ನಮ್ಮ ಸಾರು ಬೇಕಂತ್ಲೇ ಒಂದು ತೂತು ಮುಚ್ಚವ್ರೆ, ಹುಡುಕ್ರಲಾ ಅಂದಿದ್ರು. ಎಲ್ಲೈತೆ ಹೇಳಿ?"

"ನಂಗೂ ಗೊತ್ತಿಲ್ಲ ಕಣಮ್ಮ."

"ಸುಳ್ಳು. ಮೇಡಂಗಳಿಗೆ ಗೊತ್ತಿರ್ತೈತೆ."

೪. ತಮ್ಮ ಅನುಮತಿಯಿಲ್ಲದೆ ಅಲ್ಲೇ ಕೂತೆ. ಹೂವಿನ ಮೇಲರ್ಧ, ಕೆಳಗರ್ಧ ಒಂದೇ ಆದ ಕಾರಣ ರಟ್ಟುಗಳೂ ಜೋಡಿ ಜೋಡಿ ಎಂದು ಮಕ್ಕಳೇ ಕಂಡುಕೊಂಡರು; ಜೋಡಿಗಳನ್ನು ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದರು. ಕಿಟಕಿ ತೆಗೆದದ್ದು ನಾನು. ಒಂದು ಜೋಡಿಯಲ್ಲಿ ಒಂದು ಕಡೆ ಬೆಳಕು ಬರಲಿಲ್ಲ. ಅಲ್ಲಿ ಅವರು ಅಂಟಿಸಿದ್ದ ಕಾಗದದ ಚೂರಿತ್ತು. ಮಕ್ಕಳು ಚಪ್ಪಾಳೆ ತಟ್ಟಿದವರು ನನ್ನ ಮುಖ ನೋಡಿ ನಿಲ್ಲಿಸಿದರು. ತಟ್ಟಿ ಅಂದೆ.

"ಮುಂದಿನ ಪಾಠ ಏನು ಮೇಡಂ?" ಎಂದರು. ಗೊತ್ತಿಲ್ಲ. ಆದರೆ ಕಲ್ಯಾಣದುರ್ಗದಲ್ಲಿ ಉಣ್ಣು, ಮಲಗು ಎನ್ನುವವರ ಹೊರತು ನನ್ನನ್ನು ಏನಾದರೂ ಕೇಳುವವರು ಯಾರೂ ಇಲ್ಲದ ಕಾರಣ, ಸದರಿ ಪೀರಿಯಡನ್ನು ವರ್ಷದ ಕೊನೆಯವರೆಗೆ ನನಗೆ ಕೊಡಬೇಕಾಗಿ ವಿನಂತಿ. ಬೇಗ ತಿಳಿಸಿ, ನನ್ನ ತಂದೆ ಬ್ಯಾಗಿನ ಮೇಲೆಯೇ ಕೂತಿದ್ದಾರೆ.

ಎಂಟನೇ ತರಗತಿಗಿಂತ ಒಂದು ಪಾಠ ಹಿಂದಿರುವ,
ತಮ್ಮ ವಿಶ್ವಾಸಿ,
ಶೋಭಾರಾಣಿ

ಅಡಕ:

೧. ಎಂ.ಎ. ಪ್ರಮಾಣಪತ್ರ. ಈ ವಿಷಯಕ್ಕೆ ಸಂಬಂಧವಿಲ್ಲ.

೨. ರಟ್ಟುಗಳನ್ನು ಲಗತ್ತಿಸಿಲ್ಲ. ಕಾಗದದ ಚೂರು ಕಿತ್ತು, ಇಂದು ಬೆಳಿಗ್ಗೆ ನಾರಪ್ಪನವರಿಗೆ ಹಿಂದಿರುಗಿಸಿದೆ. ಅವುಗಳಿಲ್ಲದೆ ಅವರ ಮಗ್ಗ ನಿಂತಿತ್ತು. "ಕೇಳಾನಾ ಅಂತ ನಿಮ್ಮ ಬಾಗ್ಲಗಂಟ ಬಂದಿದ್ದೆ ಕಣಮ್ಮ. ಚಪ್ಪಲಿ ಸಾಲು ನೋಡಿ ಹಂಗೇ ವಾಪಸ್ ಹೋದೆ," ಅಂದರು. ರಟ್ಟು ತೂಗುಹಾಕಿ ಒಂದು ಹೂ ನೇಯ್ದು ನೋಡಿದರು. "ಮತ್ತೆ ಯಾವಾಗ ಬೇಕು?" ಎಂದರು.

ಹೆಡ್‌ಮೇಷ್ಟ್ರು ಹೇಳ್ಬೇಕು ಅಂದೆ.