ನೇಪಾಳದ ಏರು ಮತ್ತು ಪುಟ್ಟೇಗೌಡರ ಜೀಪು

ಮಲೆನಾಡಿನಲ್ಲಿ ಸೈಕಲ್ ಇಟ್ಟುಕೊಳ್ಳುವುದೆಂದರೆ ಬಯಲುಸೀಮೆಯಲ್ಲಿ ದೋಣಿ ಇಟ್ಟುಕೊಂಡ ಹಾಗೆ. ನಮ್ಮ ಕಡೆ ನೆಲ ಸಮವಾಗಿರುವುದು ಕಾಫಿ ಒಣಗಿಸುವ ಕಣದಲ್ಲಿ ಮಾತ್ರ. ಉಳಿದದ್ದೆಲ್ಲ ಏರು, ಇಲ್ಲವೇ ಇಳಿಜಾರು. ಇಳಿಜಾರಿನಲ್ಲಿ ಸೈಕಲ್ ನಮ್ಮನ್ನು ಹೊರುತ್ತದೆ, ಏರಿನಲ್ಲಿ ನಾವು ಅದನ್ನು ತಳ್ಳಬೇಕು. ಇಷ್ಟೆಲ್ಲ ಗೊತ್ತಿದ್ದೂ ನಾನು ಮೂಡಿಗೆರೆಯಲ್ಲಿ ಕೂತುಕೊಂಡು, ಸೈಕಲ್ ತುಳಿದು ದೇಶದ ಗಡಿ ದಾಟಬೇಕೆಂದು ವರ್ಷಗಟ್ಟಲೆ ಹಂಬಲಿಸಿದೆ. ಹಂಬಲಕ್ಕೆ ತಲೆ ಇರುವುದಿಲ್ಲ ಎಂದು ನನ್ನ ಹೆಂಡತಿ ಶಾರದೆ ಹೇಳುತ್ತಿದ್ದಳು. ಹಾಗೆನ್ನುವಾಗ ಅವಳು ನನ್ನ ತಲೆಯನ್ನೇ ನೋಡುತ್ತಿದ್ದಳು.

ಈ ಹುಚ್ಚು ಹತ್ತಿಸಿದವನು ಒಬ್ಬ ಹಾಲೆಂಡಿನವನು. ನನ್ನದು ತೋಟಗಳಿಗೆ ಔಷಧಿ ಹೊಡೆಯುವ ಸ್ಪ್ರೇಯರುಗಳ ಬಿಡಿಭಾಗ ಮಾರುವ ಅಂಗಡಿ. ತೊಂಬತ್ತರ ದಶಕದ ನಡುವಿನಲ್ಲಿ ಒಂದು ದಿನ ಆತ ಎರಡೂ ಕಡೆ ಗಂಟು ಕಟ್ಟಿದ ಸೈಕಲನ್ನು ಅಂಗಡಿ ಮುಂದೆ ನಿಲ್ಲಿಸಿ, ಸವೆದುಹೋದ ಒಂದು ವಾಷರ್ ತೋರಿಸಿದ. ಸ್ಪ್ರೇಯರ್ ಪಂಪಿನ ವಾಷರ್ ಅದರ ಜಾಗಕ್ಕೆ ಸರಿಯಾಗಿ ಕೂತಿತು. ಯಾವ ದಾರಿಯಲ್ಲಿ ಬಂದಿರಿ ಎಂದು ಕೇಳಿದರೆ ನಮ್ಮ ಬಸ್ಸಿನ ಕಂಡಕ್ಟರು ಹ್ಯಾಂಡ್‌ಪೋಸ್ಟ್, ಬಣಕಲ್, ಕೊಟ್ಟಿಗೆಹಾರ ಎಂದು ಕೂಗುವಷ್ಟೇ ಸಲೀಸಾಗಿ ಟರ್ಕಿ, ಇರಾನ್, ಪಾಕಿಸ್ತಾನ ಎಂದ. ಗಡಿ ದಾಟಿದರೆ ಹೇಗನಿಸುತ್ತದೆ ಎಂದು ನನ್ನ ಹರಕು ಇಂಗ್ಲಿಷಿನಲ್ಲಿ ಕೇಳಿದೆ. ಸ್ವಲ್ಪ ಯೋಚಿಸಿ, ರಸ್ತೆ ಅದೇ ಇರುತ್ತದೆ, ಆದರೆ ನೀನು ಯಾರೆಂದು ಒಬ್ಬನಿಗೂ ಗೊತ್ತಿರುವುದಿಲ್ಲ ಎಂದ. ಆ ಮಾತು ನನ್ನನ್ನು ಹಿಡಿದುಬಿಟ್ಟಿತು. ನಾನು ಬಿ.ಕಾಂ.ನಲ್ಲಿ ಎರಡು ಸಲ ಫೇಲಾದದ್ದು, ನನ್ನ ಸೊಂಟನೋವು, ಶಾರದೆ ಮೊದಲು ಒಪ್ಪಿದ್ದು ಬೇರೆ ಹುಡುಗನನ್ನು ಎಂಬ ಸುದ್ದಿ, ಎಲ್ಲವೂ ಮೂಡಿಗೆರೆಯಲ್ಲಿ ಸಾರ್ವಜನಿಕ ಆಸ್ತಿ. ಯಾರಿಗೂ ಗೊತ್ತಿಲ್ಲದವನಾಗಿ ಒಂದು ಏರು ಹತ್ತುವ ಸುಖ ಹೇಗಿರಬಹುದು ಎಂದು ಅವತ್ತಿನಿಂದ ಯೋಚಿಸತೊಡಗಿದೆ.

ಅದೇ ಮಧ್ಯಾಹ್ನ ಬಣಕಲ್ ಕಡೆಯ ಸಣ್ಣ ಪ್ಲಾಂಟರ್ ಪುಟ್ಟೇಗೌಡರು ಮುಖ ಬಾಡಿಸಿಕೊಂಡು ಅಂಗಡಿಗೆ ಬಂದರು. ಚಾರ್ಮಾಡಿ ಘಾಟಿಯಲ್ಲಿ ಯಾರೋ ಪರದೇಶದವನು ಸೈಕಲ್ ತಳ್ಳಿಕೊಂಡು ಬರುತ್ತಿದ್ದನಂತೆ. ಇವರು ಜೀಪು ನಿಲ್ಲಿಸಿ ಕರೆದರೆ ನಕ್ಕು, ಬೇಡ ಎಂದನಂತೆ. "ನಾ ಏನು ದುಡ್ಡು ಕೇಳಿದ್ನಾ ಮಾರಾಯ್ರೆ? ಜೀಪು ಹಳೇದು ಅಂತ ಬ್ಯಾಡ ಅಂದ್ನೋ ಏನೋ!" ಎಂದು ಒಂದು ವಾರ ಸಿಕ್ಕಸಿಕ್ಕವರನ್ನೆಲ್ಲ ಕೇಳಿದರು. ನಮ್ಮಲ್ಲಿ ಏರಿನಲ್ಲಿ ನಡೆಯುತ್ತಿರುವವರನ್ನು ಬಿಟ್ಟು ಹೋಗುವಂತಿಲ್ಲ. ಕರೆದಾಗ ಹತ್ತದಿದ್ದರೆ ಬಡಿಸಿದ ಎಲೆಯನ್ನು ಬಿಟ್ಟು ಎದ್ದ ಹಾಗೆ.

ನಾನು ಚಿಕ್ಕಮಗಳೂರಿಗೆ ಹೋಗಿ ಗೇರ್ ಇರುವ ಸೈಕಲ್ ತಂದೆ. ಮೊದಲು ಜಿಲ್ಲೆಯ ಗಡಿ, ಆಮೇಲೆ ರಾಜ್ಯದ್ದು, ಆಮೇಲೆ ದೇಶದ್ದು ಎಂಬುದು ಯೋಜನೆ. ಮೊದಲ ಭಾನುವಾರ ಬಣಕಲ್ಲಿನ ಏರಿನಲ್ಲಿ ಏದುಸಿರು ಬಿಡುತ್ತಿದ್ದಾಗ ಹಿಂದೆ ಪುಟ್ಟೇಗೌಡರ ಜೀಪು ನಿಂತಿತು.

"ಎಂತ ಮಾರಾಯ್ರೆ, ಸೈಕಲ್ ಕೆಟ್ಟೋಯ್ತಾ? ಹತ್ತಿ ಹತ್ತಿ, ಸೈಕಲ್ ಮೇಲೆ ಹಾಕಣ."

"ಇಲ್ಲ ಗೌಡ್ರೆ, ಸುಮ್ನೆ ವ್ಯಾಯಾಮ."

"ವ್ಯಾಯಾಮ ಮನೇಲಿ ಮಾಡಿ. ಹತ್ತಿ."

ಹಾಲೆಂಡಿನವನಿಂದ ನೊಂದ ಜೀವಕ್ಕೆ ನಾನೂ ಬೇಡ ಎನ್ನುವುದು ಹೇಗೆ? ಹತ್ತಿದೆ. ಮುಂದಿನ ವಾರ ಇನ್ನೊಂದು ಎಸ್ಟೇಟಿನ ಜೀಪು, ಅದರ ಮುಂದಿನ ವಾರ ಹಾಲಿನ ವ್ಯಾನು. ತಾಲ್ಲೂಕಿನ ಜೀಪುಗಳೆಲ್ಲ ನನ್ನ ಗಿರಾಕಿಗಳವು. ಕಳಸದ ದಾರಿ ಹಿಡಿದರೂ ಅಷ್ಟೇ. ಹೀಗೆ ನಾನು ಸೈಕಲ್ ಪ್ರವಾಸವನ್ನೆಲ್ಲ ಜೀಪಿನ ಮುಂದಿನ ಸೀಟಿನಲ್ಲಿ ಮಾಡಿದೆ. ಕೆಲವರು ಮನೆಗೂ ಕರೆದೊಯ್ದು ಕಡುಬು ತಿನ್ನಿಸಿ ಕಳಿಸಿದರು. ತೂಕ ಹೆಚ್ಚಾಯಿತು. "ಇವತ್ತು ಎಲ್ಲಿವರೆಗೆ ತುಳಿದ್ರಿ?" ಎಂದು ಸಂಜೆ ಶಾರದೆ ಕೇಳಿದರೆ, "ಕೊಟ್ಟಿಗೆಹಾರಕ್ಕೆ ಹೋಗಿದ್ದೆ" ಎನ್ನುತ್ತಿದ್ದೆ. ತುಳಿದೆ ಎಂದು ನಾನು ಯಾವತ್ತೂ ಹೇಳಲಿಲ್ಲ.

ಸ್ವಂತ ತಾಲ್ಲೂಕನ್ನೇ ದಾಟಲಾಗದವನು ದೇಶವನ್ನು ದಾಟುವುದು ಯಾವಾಗ? ಕಡೆಗೆ ನನಗೊಂದು ಉಪಾಯ ಹೊಳೆಯಿತು. ಪರಿಚಯದವರಿರುವ ಸೀಮೆಯನ್ನು ರೈಲಿನಲ್ಲಿ ದಾಟಿಬಿಡುವುದು, ಅಪರಿಚಿತರಿರುವಲ್ಲಿಂದ ತುಳಿಯುವುದು. ನಮ್ಮವರಿಗೆ ಪಾಸ್‌ಪೋರ್ಟ್ ಬೇಡದ ದೇಶ ನೇಪಾಳ. ಒಂದು ವರ್ಷ ತೋಟಗಳ ಔಷಧಿ ಕೆಲಸವೆಲ್ಲ ಮುಗಿದು, ದೀಪಾವಳಿ ಕಳೆದ ಮೇಲೆ ಹೊರಟೆ. ಶಾರದೆ ಚಕ್ಕುಲಿ, ಮಿಡಿ ಉಪ್ಪಿನಕಾಯಿ ಕಟ್ಟಿಕೊಟ್ಟು, "ಹೋಗ್ಬನ್ನಿ. ಆಮೇಲಾದ್ರೂ ಈ ಮನೇಲಿ ಬೇರೆ ಮಾತು ಆಡಬಹುದು" ಎಂದಳು. ಕಡೂರಿನಲ್ಲಿ ಸೈಕಲನ್ನು ರೈಲಿಗೆ ಹಾಕಿದೆ.

ಗೋರಖಪುರದಲ್ಲಿ ಇಳಿದಾಗ ನನ್ನ ಕಣ್ಣನ್ನೇ ನಂಬಲಾಗಲಿಲ್ಲ. ಭೂಮಿ ಎಷ್ಟು ನೋಡಿದರೂ ಸಮ! ಕಬ್ಬಿನ ಗದ್ದೆಗಳ ನಡುವೆ ಹುಡುಗನಂತೆ ತುಳಿದೆ. ಗಡಿ ಹತ್ತಿರವಾದಾಗ ತಲೆ ಬಾಚಿ, ಅಂಗಿ ಬದಲಿಸಿ, ಗುರುತಿನ ಚೀಟಿಯನ್ನು ಕೈಯಲ್ಲೇ ಹಿಡಿದುಕೊಂಡೆ. ಯಾರು, ಎಲ್ಲಿಂದ, ಯಾಕೆ ಎಂದು ಕೇಳಿದರೆ ಹೇಳಲು ಹಿಂದಿಯಲ್ಲಿ ಉತ್ತರ ಬಾಯಿಪಾಠ ಮಾಡಿದ್ದೆ. ಪೊಲೀಸಿನವನು ನನ್ನ ಕಡೆ ಸರಿಯಾಗಿ ನೋಡಲೂ ಇಲ್ಲ, ದನ ಅಟ್ಟುವವನ ಹಾಗೆ ಕೈಬೀಸಿದ. ಅಷ್ಟೇ. ಆದರೂ ಗಡಿಯ ಕಮಾನಿನ ಆಚೆ ಹೋಗಿ ತಿರುಗಿ ನೋಡಿದಾಗ ಕಣ್ಣು ತುಂಬಿಕೊಂಡಿತು. ಇಷ್ಟು ವರ್ಷ ಬಯಸಿದ್ದು ಇದನ್ನೇ.

ಮರುದಿನ ಬುಟ್ವಲ್ ಎಂಬ ಊರು ದಾಟಿದ ಮೇಲೆ ಬೆಟ್ಟ ಶುರುವಾಯಿತು. ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಕಣಿವೆ, ಕೆಳಗೆ ಹೊಳೆ. ಇಳಿದು ತಳ್ಳತೊಡಗಿದೆ. ಹಿಂದೆ ಜೀಪಿನ ಸದ್ದಾಯಿತು. "ಬೇಡ, ಬೇಡ, ನಾನು ತುಳಿದುಕೊಂಡೇ ಹೋಗುತ್ತೇನೆ" ಎನ್ನಲು ಸಿದ್ಧನಾಗಿ, ಮುಖದಲ್ಲೊಂದು ನಗೆ ತಂದುಕೊಂಡು ಪಕ್ಕಕ್ಕೆ ಸರಿದೆ. ಜೀಪು ಹೊರಟುಹೋಯಿತು. ಇನ್ನೊಂದು ಬಂತು, ಅದೂ ಹೋಯಿತು. ಬಸ್ಸು, ಲಾರಿ, ಮತ್ತೆ ಜೀಪು. ಪ್ರತಿ ಸಲವೂ ನಾನು ನಗೆ ಸಿದ್ಧ ಮಾಡಿಕೊಂಡದ್ದೇ ಬಂತು. ಬೇಡ ಎನ್ನುವ ಅವಕಾಶವನ್ನೇ ಯಾರೂ ಕೊಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಆ ಜನರ ಮೇಲೆ ನನಗೆ ಸಿಟ್ಟೇ ಬಂತು. ಇದೆಂಥ ದೇಶ, ಹಿರಿಯ ಮನುಷ್ಯನೊಬ್ಬ ಸೈಕಲ್ ತಳ್ಳುತ್ತಿದ್ದಾನೆ, ಒಂದು ಮಾತು ಬೇಡವೇ? ಕೊನೆಗೊಂದು ಜೀಪು ನಿಂತಿತು. ಓಡಿ ಹೋದೆ. ಡ್ರೈವರ್ ಇಳಿದು ರೇಡಿಯೇಟರಿಗೆ ನೀರು ಹಾಕುತ್ತಿದ್ದ. ನಾಚಿಕೆ ಬಿಟ್ಟು, ಮೇಲಿನವರೆಗೆ ಕರೆದುಕೊಂಡು ಹೋಗುತ್ತೀಯಾ ಎಂದು ನನ್ನ ಹಿಂದಿಯಲ್ಲಿ ಕೇಳಿದೆ. ಆತ ಸೈಕಲ್ಲಿನ ಕಡೆ ಕೈ ತೋರಿಸಿ, "ಅದು ಇದೆಯಲ್ಲ?" ಎಂದು ಹೊರಟೇಹೋದ.

ಮುಂದಿನ ತಿರುವಿನ ಈಚೆ ಒಂದು ಚಹಾದಂಗಡಿ. ಅಲ್ಲಿನ ಹೆಂಗಸು ಯಾವ ಊರು ಎಂದಳು. ಮೂಡಿಗೆರೆ ಎಂದೆ. ಅವಳು ತಲೆಯಾಡಿಸಿ ಲೋಟ ತೊಳೆಯತೊಡಗಿದಳು. ಬಿ.ಕಾಂ. ಫೇಲಾದದ್ದನ್ನಾದರೂ ಹೇಳಿಕೊಳ್ಳೋಣ ಎನ್ನಿಸುವಷ್ಟು ಊರಿನ ನೆನಪು ಬಂತು. ಅಲ್ಲಿಂದಲೇ ಸೈಕಲ್ ತಿರುಗಿಸಿದೆ. ಬುಟ್ವಲ್ಲಿನವರೆಗೂ ಬರೀ ಇಳಿಜಾರು, ಪೆಡಲ್ ಮುಟ್ಟಬೇಕಾಗಲಿಲ್ಲ. ತಿರುವಿನ ಆಚೆ ಏನಿತ್ತೋ ನಾನು ನೋಡಲಿಲ್ಲ. ಊರಿಗೆ ಬಂದು ವಾರ ಕಳೆಯುವುದರೊಳಗೆ, ಅಂಗಡಿಯಲ್ಲಿ ವಾಷರ್ ಎಣಿಸುತ್ತಿದ್ದರೂ ಕಣ್ಣಿಗೆ ಕಟ್ಟುವುದು ಆ ತಿರುವೇ ಆಯಿತು. ಅಲ್ಲಿದ್ದಾಗ ಇಲ್ಲಿಯ ಹಂಬಲ, ಇಲ್ಲಿದ್ದರೆ ಅಲ್ಲಿಯದು.

ಆ ಭಾನುವಾರ ಮತ್ತೆ ಸೈಕಲ್ ಹೊರತೆಗೆದೆ. ಬಣಕಲ್ಲಿನ ಏರಿನಲ್ಲಿ ಜೀಪು ನಿಂತಿತು. ಕರೆಯುವ ಮೊದಲೇ ನಾನು ಸೈಕಲನ್ನು ಮೇಲೆತ್ತಿ ಕೊಟ್ಟೆ.

"ಎಲ್ಲಿಗೆ ಹೋಗಿದ್ರಿ ಮಾರಾಯ್ರೆ, ಕಾಣ್ಲೇ ಇಲ್ಲ?" ಎಂದರು ಪುಟ್ಟೇಗೌಡರು.

"ನೇಪಾಳಕ್ಕೆ. ಸೈಕಲ್ನಲ್ಲಿ."

"ಅಲ್ಲೂ ಗುಡ್ಡ ಅಲ್ವಾ? ದಾರೀಲಿ ಯಾರೂ ಹತ್ತಿಸ್ಕೊಳ್ಲಿಲ್ವಾ?"

"ಒಬ್ರೂ ಇಲ್ಲ ಗೌಡ್ರೆ."

ಗೌಡರಿಗೆ ನಿಜವಾಗಿಯೂ ಸಂಕಟವಾಯಿತು. "ಛೆ, ನಂಗೊಂದು ಮಾತು ಹೇಳ್ಬಾರ್ದಿತ್ತಾ? ಮುಂದಿನ ಸಲ ಜೀಪಲ್ಲೇ ಹೋಗಣ. ಗಡಿ ಆಚೆ ನಿಮಗೆ ಎಲ್ಲಿ ಬೇಕೋ ಅಲ್ಲಿ ಇಳಿಸ್ತೀನಿ, ಬೇಕಾದಷ್ಟು ತುಳೀರಿ, ನಾ ಹಿಂದೇನೆ ಬರ್ತೀನಿ" ಎಂದರು.

ಯಾರೂ ನನ್ನನ್ನು ಅರಿಯದ ಒಂದು ದಾರಿಗಾಗಿ ಇಷ್ಟು ವರ್ಷ ಹಂಬಲಿಸಿದವನು ನಾನು. ಈ ಮಾತಿಗೆ ಜೀಪಿನಿಂದ ಧುಮುಕಬೇಕಾಗಿತ್ತು. ಅದರ ಬದಲು, "ಕಾಫಿ ಕುಯಿಲು ಮುಗಿದ್ಮೇಲೆ ನಿಮಗೆ ಬಿಡುವಿರ್ತದಾ ಗೌಡ್ರೆ?" ಎಂದು ಕೇಳಿದೆ.